ಪದರಕ್ಕನ ಉಸಿರು, ಮೂವತ್ತನಾಲ್ಕು ಕಣ್ಣು

ವೈದ್ಯಕೀಯ ಕಾಲೇಜಿನ ಎರಡನೇ ಮಹಡಿಯಲ್ಲಿ, ಕಾರಿಡಾರು ಮುಗಿದು ಇನ್ನೇನು ಗೋಡೆ ಬಂತು ಎನ್ನುವಲ್ಲಿ, ಕರಗಿದ ಮೇಣದ ವಾಸನೆಯ ಒಂದು ಕೋಣೆ ಇದೆ. ಆ ಕೋಣೆಯಲ್ಲಿ ಒಬ್ಬ ಹೆಂಗಸು ಮೂವತ್ತೈದು ವರ್ಷ ಕೂತ ಕಡೆಯೇ ಕೂತು ಕೊಯ್ದಳು. ಏನನ್ನು ಕೊಯ್ದಳು ಅಂದರೆ ಯಾರದೋ ಲಿವರು, ಯಾರದೋ ಕರುಳು, ಯಾರದೋ ಬೆನ್ನ ಮೇಲಿನ ಗಂಟು. ಎಷ್ಟು ತೆಳ್ಳಗೆ ಅಂದರೆ, ಒಂದು ಮಿಲಿಮೀಟರನ್ನು ಇನ್ನೂರು ಪಾಲು ಮಾಡಿ ಅದರಲ್ಲಿ ಒಂದೇ ಪಾಲು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಭದ್ರವಾಗಿತ್ತು. ಕಾಲೇಜಿನವರ ಬಾಯಲ್ಲಿ ಮಾತ್ರ ಅವಳು ಪದರಕ್ಕ.

ಅದಕ್ಕೂ ಮುಂಚೆ ಅವಳು ಬ್ರೆಡ್ ಕಾರ್ಖಾನೆಯಲ್ಲಿ ಸ್ಲೈಸ್ ಮಾಡುವ ಯಂತ್ರದ ಮುಂದೆ ಇದ್ದವಳು. ಕಾರ್ಖಾನೆ ಮುಚ್ಚಿತು. ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿತು. ತೊಳೆಯುತ್ತಾ ತೊಳೆಯುತ್ತಾ ಪದರ ಕೊಯ್ಯುವ ಪಕ್ಕದ ಮೇಜಿನ ಮೇಲೆ ಕಣ್ಣು ಬಿತ್ತು. ಅವಳ ಗಂಡ, ಕೊಳಾಯಿ ರಿಪೇರಿಯವನು, ಹೊಸಬರು ಯಾರು ಮನೆಗೆ ಬಂದರೂ ಪರಿಚಯ ಮಾಡಿಕೊಡುತ್ತಿದ್ದದ್ದು ಒಂದೇ ಥರ: "ಇವಳು ಮೊದಲು ಬ್ರೆಡ್ ಕೊಯ್ತಿದ್ಳು. ಈಗ ತಿಂದವರನ್ನೇ ಕೊಯ್ತಾಳೆ."

ಕೆಲಸ ಹೀಗಿರುತ್ತದೆ. ಅಂಗಾಂಶದ ಚೂರನ್ನು ಮೇಣದಲ್ಲಿ ಅದ್ದಿ ಗಟ್ಟಿ ಮಾಡಿದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲಾಕು ಆಗುತ್ತದೆ. ಅದನ್ನು ಮೈಕ್ರೋಟೋಮ್ ಎಂಬ ಯಂತ್ರದ ಬಾಯಿಗೆ ಕಚ್ಚಿಸಿ ಚಕ್ರ ತಿರುಗಿಸಬೇಕು. ಬ್ಲಾಕು ಬ್ಲೇಡಿನ ಮುಂದೆ ಇಳಿದು ಏರುವಾಗ ಒಂದೊಂದು ಪದರ ಬಿಚ್ಚಿ, ಒಂದರ ಬಾಲಕ್ಕೆ ಇನ್ನೊಂದು ಅಂಟಿ, ರಿಬ್ಬನ್ನಿನಂತೆ ಇಳಿಯುತ್ತದೆ. ಅದನ್ನು ಬ್ರಷ್ಷಿನ ತುದಿಯಲ್ಲಿ ಎತ್ತಿ ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಗಾಜಿನ ಸ್ಲೈಡಿಗೆ ಹತ್ತಿಸಿ, ಬಣ್ಣ ಹಾಕಬೇಕು. ಹೇಳುವುದಕ್ಕೆ ನಾಲ್ಕು ಮಾತು. ಕೈಗೆ ಬರುವುದಕ್ಕೆ ನಾಲ್ಕು ವರ್ಷ.

ಅವಳಿಗೆ ಕಲಿಸಿದವರು ಒಬ್ಬ ಹಳೆಯ ಯಜಮಾನರು, ಮಾತು ಕಡಿಮೆ, ಕೆಮ್ಮು ಜಾಸ್ತಿ. ಬ್ಲಾಕು ಗಟ್ಟಿಯಾಗಿ, ಪದರ ಪುಡಿಪುಡಿಯಾಗಿ ಉದುರುವಾಗ ಅವರು ಬಗ್ಗಿ ಅದರ ಮುಖಕ್ಕೆ ಬಾಯಿ ತಂದು "ಹಾ" ಎನ್ನುತ್ತಿದ್ದರು. "ಊದಬಾರದಮ್ಮ. ಕನ್ನಡಕ ಒರೆಸೋಕೆ ಮುಂಚೆ ಹಾ ಅಂತೀವಲ್ಲ, ಹಾಗೆ. ಒಂಚೂರು ಬಿಸಿ, ಒಂಚೂರು ಪಸೆ. ಎಂಥಾ ಮೊಂಡನೂ ಮೆತ್ತಗಾಗ್ತಾನೆ." ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: "ಹಾ ಅಂದ ಮೇಲೆ ಬರೋ ಮೊದಲನೇ ಪದರ ಎಸೆದುಬಿಡು. ಉಸಿರಿಗೆ ಮೇಣ ಉಬ್ಬಿರ್ತದೆ, ಪದರ ದಪ್ಪ ಬರ್ತದೆ." ಪದರಕ್ಕ ಎರಡನ್ನೂ ಕಲಿತಳು. ಕಲಿತದ್ದು ಕಲಿತಂತೆ ಮೈಗೆ ಹತ್ತಿ, ಎಷ್ಟೋ ವರ್ಷದ ಮೇಲೆ ತಾನು ಹಾ ಎನ್ನುವುದು ಅವಳಿಗೇ ಕೇಳಿಸದಂತಾಯಿತು.

ನಿವೃತ್ತಿಗೆ ಐದು ವರ್ಷ ಇರುವಾಗ ಆ ಕೋಣೆಗೆ ಕಣ್ಣುಗಳು ಬಂದವು. ತಂದವಳು ಪಿಎಚ್.ಡಿ. ಮಾಡಲು ಬಂದ ಒಬ್ಬ ಸಣಕಲು ಹೆಂಗಸು. ಮೂವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಓದಲು ಬಂದವಳು. ಏನನ್ನು ಕಂಡರೂ ಅಳೆಯುವವಳು. ಕಿಟಕಿಯ ಪರದೆ ಹರಿದಿದೆ ಎಂದರೆ "ಎಷ್ಟು ಸೆಂಟಿಮೀಟರ್?" ಎನ್ನುವವಳು. ಪದರಕ್ಕ ಎರಡನೇ ದಿನವೇ ಅವಳಿಗೆ ಅಳತೆಮ್ಮ ಎಂದು ಹೆಸರಿಟ್ಟಳು.

"ಕಣ್ಣು ಅಂದ್ರೆ ಎಲ್ರೂ ಕಪ್ಪುಗುಡ್ಡೆ ಅಂತಾರಕ್ಕ," ಎಂದಿದ್ದಳು ಅಳತೆಮ್ಮ. "ಅದನ್ನ ಹಿಡ್ಕೊಂಡು ನಿಂತಿರೋ ಬಿಳಿ ಗೋಡೇನ ಯಾರೂ ಕೇಳಲ್ಲ. ನನಗೆ ಆ ಗೋಡೆ ಬೇಕು."

ಸತ್ತ ಮೇಲೆ ಕಣ್ಣು ಕೊಟ್ಟವರ ಕಣ್ಣುಗಳವು. ಮುಂದಿನ ಪಾರದರ್ಶಕ ಪೊರೆ ಬದುಕಿದವರಿಗೆ ಹೋಗುತ್ತದೆ. ಉಳಿದ ಬಿಳಿ ಗೋಡೆ, ಮನೆಯವರು ಒಪ್ಪಿದರೆ, ಇಂಥ ಕೋಣೆಗೆ ಬರುತ್ತದೆ. ನಾಲ್ಕು ವರ್ಷದಲ್ಲಿ ಮೂವತ್ತನಾಲ್ಕು ಬಂದವು. ಹದಿನೇಳು ನಲವತ್ತರೊಳಗಿನವರವು, ಹದಿನೇಳು ಅರವತ್ತೈದು ದಾಟಿದವರವು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಣುಕಿದ ದಿನ ಪದರಕ್ಕ ಬೆರಗಾದಳು. ಹೊರಗಿನಿಂದ ಮೊಟ್ಟೆಯ ಸಿಪ್ಪೆಯಂತೆ ನುಣ್ಣಗಿದ್ದದ್ದು ಒಳಗೆ ಬರೀ ಎಳೆ, ಕೊಲಾಜೆನ್ ಎಳೆಗಳ ಕಟ್ಟು ಕಟ್ಟು. ಉದ್ದಕ್ಕೊಂದು, ಅಡ್ಡಕ್ಕೊಂದು, ಓರೆಗೊಂದು, ಜಡೆ ಹಾಕಲು ಬಾರದವಳು ಆತುರದಲ್ಲಿ ಹೆಣೆದ ಜಡೆಯ ಹಾಗೆ. ಎಳೆಯರ ಕಣ್ಣಲ್ಲಿ ಆ ಕಟ್ಟುಗಳು ಅಲೆಅಲೆಯಾಗಿ, ನಡುವೆ ಸ್ವಲ್ಪ ಸಡಿಲವಾಗಿ. ವಯಸ್ಸಾದವರ ಕಣ್ಣಲ್ಲಿ ಅಲೆ ಚಪ್ಪಟೆಯಾಗಿ, ಕಟ್ಟು ದಪ್ಪವಾಗಿ, ಒಂದನ್ನೊಂದು ಒತ್ತಿಕೊಂಡು, ಬಣ್ಣವೂ ಗಾಢ. ಅಳತೆಮ್ಮ ಸಾವಿರಾರು ಕಟ್ಟು ಅಳೆದಳು. ವಯಸ್ಸಾದವರ ಕಟ್ಟು ಎಳೆಯರದ್ದಕ್ಕಿಂತ ಹೆಚ್ಚುಕಮ್ಮಿ ಮೂರನೇ ಒಂದರಷ್ಟು ಹೆಚ್ಚು ದಪ್ಪ ಎಂದು ಬಂತು. ಇಡೀ ಪ್ರಬಂಧ ನಿಂತದ್ದು ಅದರ ಮೇಲೆ.

ಪ್ರಬಂಧ ಒಪ್ಪಿಸಲು ಹದಿನಾರು ದಿನ ಉಳಿದಿದ್ದಾಗ, ಒಂದು ಬುಧವಾರ ಮಧ್ಯಾಹ್ನ, ಅಳತೆಮ್ಮ ಲ್ಯಾಪ್‌ಟಾಪು ಹಿಡಿದು ಬಂದು ಸ್ಟೂಲೆಳೆದು ಕೂತಳು.

"ಅಕ್ಕ, ಐದೇ ನಿಮಿಷ. ನೀವು ಮಾಡಿದ್ದನ್ನೇ ಬರೆದಿದೀನಿ. ಓದ್ತೀನಿ, ತಪ್ಪಿದ್ರೆ ಹೇಳಿ."

"ಓದು. ನಂಗೆ ತಿಳಿಯೋ ಹಾಗೆ ಓದು."

ಕೊಳೆಯದಂತೆ ಎಷ್ಟು ಗಂಟೆ ಫಾರ್ಮಲಿನ್, ಎಷ್ಟು ಸಲ ಮೇಣ, ಎಲ್ಲವನ್ನೂ ಓದಿದಳು. ಪದರಕ್ಕ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಕೊನೆಯ ಸಾಲು: "ಎಲ್ಲ ಕಣ್ಣುಗಳನ್ನೂ ಒಂದೇ ಯಂತ್ರದಲ್ಲಿ, ಒಬ್ಬರೇ, ಒಂದೇ ರೀತಿಯಲ್ಲಿ ಕೊಯ್ದಿದ್ದಾರೆ. ಸರೀನಾ?"

"ಹೂಂ," ಎಂದಳು ಪದರಕ್ಕ.

ಅಳತೆಮ್ಮ ಎದ್ದು ಹೋದಳು. ಪದರಕ್ಕ ಅರ್ಧಕ್ಕೆ ಬಿಟ್ಟಿದ್ದ ಬ್ಲಾಕಿನತ್ತ ತಿರುಗಿದಳು. ಅದು ಯಾರದೋ ಹಿಮ್ಮಡಿಯ ಗಟ್ಟಿ ಸ್ನಾಯುರಜ್ಜು, ಬ್ಲೇಡಿಗೆ ಬಗ್ಗುತ್ತಿರಲಿಲ್ಲ. ಅವಳು ಮುಂದೆ ಬಗ್ಗಿದಳು, ಬಾಯಿ ತಾನೇ ತೆರೆಯಿತು: ಹಾ.

ಆ ದಿನ ಅದು ಅವಳಿಗೆ ಕೇಳಿಸಿತು. ಕೈ ಚಕ್ರದ ಮೇಲೆ ಹಾಗೇ ನಿಂತಿತು.

ಮುದಿ ಕಣ್ಣುಗಳೆಲ್ಲ ಗಟ್ಟಿ. ಹದಿನೇಳಕ್ಕೂ ಹಾ ಎಂದಿದ್ದಾಳೆ. ಎಳೆಯರ ಕಣ್ಣು ಬೆಣ್ಣೆಯ ಹಾಗೆ ಕೊಯ್ದು ಬರುತ್ತಿದ್ದವು. ಅವಕ್ಕೆ ಒಂದು ಸಲವೂ ಎಂದಿಲ್ಲ. ಸರಿ, ಎಂದರೆ ಎಂದಳು, ಮೊದಲನೇ ಪದರ ಎಸೆದಳೋ? ಇಲ್ಲ. ಬೇರೆ ಯಾವ ಅಂಗವಾದರೂ ಎಸೆಯುತ್ತಿದ್ದಳು. ಇದು ಯಾರೋ ಸಾಯುವಾಗ ಕೊಟ್ಟು ಹೋದ ಕಣ್ಣು, ಇರುವುದೇ ಅಕ್ಕಿಕಾಳಿನಷ್ಟು ಚೂರು, ಎಸೆಯಲು ಮನಸ್ಸು ಬಂದಿರಲಿಲ್ಲ. ಉಸಿರು ಕುಡಿದು ಉಬ್ಬಿದ ಪದರಗಳನ್ನೆಲ್ಲ ಜೋಪಾನವಾಗಿ ಸ್ಲೈಡಿಗೆ ಹತ್ತಿಸಿದ್ದಳು. ಉಬ್ಬಿದ ಪದರ ದಪ್ಪ. ದಪ್ಪ ಪದರ ಬಣ್ಣ ಹೆಚ್ಚು ಕುಡಿಯುತ್ತದೆ. ಹಾಗಾದರೆ ಅಳತೆಮ್ಮ ನಾಲ್ಕು ವರ್ಷ ಅಳೆದದ್ದು ಮುಪ್ಪನ್ನೋ, ಪದರಕ್ಕನ ಉಸಿರನ್ನೋ?

ಅವಳಿಗೆ ಊಟದ ಡಬ್ಬಿ ತೆರೆಯಲಾಗಲಿಲ್ಲ.

ಸಂಜೆ ಮನೆಯಲ್ಲಿ ಗಂಡ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದ. ಊರವರ ಕೊಳಾಯಿಯೆಲ್ಲ ಸರಿ ಮಾಡುವವನ ಮನೆಯ ಕೊಳಾಯಿ ಕೆಟ್ಟು ಎರಡು ವಾರವಾಗಿತ್ತು.

"ರೀ, ನೀವು ಹಾಕಿದ ಪೈಪು ಒಳಗೇ ಸೋರ್ತಿದೆ ಅಂತ ನಿಮಗೆ ಅನುಮಾನ ಬಂದ್ರೆ, ಯಾರೂ ಕೇಳದೇ ಇದ್ರೂ, ಹೋಗಿ ಹೇಳ್ತೀರಾ?"

"ಒಂದ್ಸಲ ಹೇಳಿದೀನಿ."

"ಏನಾಯ್ತು?"

"ಟೈಲ್ಸ್ ಒಡೆದು ನೋಡಿದ್ವಿ. ಒಂದು ಹನಿ ಸೋರಿರಲಿಲ್ಲ. ಅವರು ಆಮೇಲೆ ಬೇರೆ ಪ್ಲಂಬರ್‌ನ ಇಟ್ಕೊಂಡ್ರು."

"ನೀವು ಸುಮ್ನೆ ಇರಬಹುದಿತ್ತು ಅಲ್ವಾ?"

ಅವನು ಟವೆಲಿನಲ್ಲಿ ಬೆರಳು ಬೆರಳು ಒರೆಸಿಕೊಂಡ. "ಇರಬಹುದಿತ್ತು. ಆದ್ರೆ ಆ ಬೀದೀಲಿ ಹೋಗುವಾಗೆಲ್ಲ ತಲೆ ತಗ್ಗಿಸ್ಕೊಂಡು ಹೋಗಬೇಕಿತ್ತು. ಈಗ ಅವರು ತಗ್ಗಿಸ್ತಾರೆ. ಯಾಕೇ, ನಿನ್ನ ಕೈಯಲ್ಲಿ ಏನು ಸೋರ್ತು?"

ಅವಳು ಹೇಳಿದಳು. ಅವನು ಪೂರ್ತಿ ಕೇಳಿ, ಟವೆಲು ಹೆಗಲಿಗೆ ಹಾಕಿಕೊಂಡು, "ನಾಳೆ ಬೇಗ ಹೊರಡು. ಬಸ್ಸಿನಲ್ಲಿ ಸೀಟು ಸಿಗ್ತದೆ," ಎಂದ. ಅವನ ಭಾಷೆಯಲ್ಲಿ ಅದು ದೊಡ್ಡ ಧೈರ್ಯದ ಮಾತು.

ಮರುದಿನ ಅಳತೆಮ್ಮ ಬಾಗಿಲು ತೆಗೆಯುವಷ್ಟರಲ್ಲಿ ಪದರಕ್ಕ ಕಾರಿಡಾರಿನ ಬೆಂಚಿನ ಮೇಲಿದ್ದಳು. ಬ್ಯಾಗು ಕೆಳಗಿಡಲೂ ಬಿಡದೆ ಎಲ್ಲ ಹೇಳಿ ಮುಗಿಸಿದಳು. ಹೇಳಿ ಮುಗಿದದ್ದೇ ತಡ, ಬೆಳಗಿನಿಂದ ಬಿಗಿದುಕೊಂಡಿದ್ದ ಭುಜ ತಾನೇ ಇಳಿಯಿತು. ಇನ್ನು ಬೈದರೂ ಸರಿ, ಅತ್ತರೂ ಸರಿ.

ಅಳತೆಮ್ಮ ಬೈಯಲಿಲ್ಲ, ಅಳಲಿಲ್ಲ. ಗೋಡೆಗೆ ಒರಗಿ ನಿಂತಳು. ಮುಖ ಸುಣ್ಣದ ಹಾಗಾಗಿತ್ತು.

"ಹದಿನೇಳಕ್ಕೂ ಅಂದ್ರಾ?"

"ಹದಿನೇಳಕ್ಕೂ."

"ಎಷ್ಟು ಸೆಕೆಂಡು?"

"ಏನು ಎಷ್ಟು ಸೆಕೆಂಡು?"

"ಹಾ ಅಂದಿದ್ದು."

ಪದರಕ್ಕನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಅಯ್ಯೋ ನಿನ್ನ ಅಳತೆಗೆ. ಗಡಿಯಾರ ನೋಡ್ಕೊಂಡು ಉಸಿರು ಬಿಡ್ತಾರೇನೇ?"

ಅಳತೆಮ್ಮನೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಪರೀಕ್ಷಕರ ಮುಂದೆ ನಿಂತಾಗ ಗೊತ್ತಾಗಿದ್ರೆ ಅಲ್ಲೇ ಕುಸಿದು ಬೀಳ್ತಿದ್ದೆ ಅಕ್ಕ. ಇವತ್ತೇ ಗೊತ್ತಾಯ್ತಲ್ಲ. ಬನ್ನಿ, ಮೇಡಂ ಹತ್ರ ಹೋಗೋಣ."

ಮೇಡಂ ಎಂದರೆ ವಿಭಾಗದ ಮುಖ್ಯಸ್ಥೆ. ಸಿಟ್ಟು ಬಂದರೆ ಇನ್ನೂ ಮೆಲ್ಲಗೆ ಮಾತಾಡುವವರು, ಹಾಗಾಗಿ ಎಲ್ಲರಿಗೂ ಹೆದರಿಕೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೂ ಹಾ ಅನ್ನೋದನ್ನ ಕಲಿಸಿದ್ದು ನೀವೇ ಅಲ್ವಾ ಅಕ್ಕ, ಇಪ್ಪತ್ತೆರಡು ವರ್ಷದ ಹಿಂದೆ?"

"ಹೌದು ಮೇಡಂ. ಹಾಗಾದ್ರೆ ನಿಮ್ಮ ಪ್ರಬಂಧಾನೂ..."

"ನಂದು ಲಿವರು. ಮೆತ್ತಗೆ. ಬದುಕಿಕೊಂಡೆ." ಮೇಡಂ ಕನ್ನಡಕ ಮತ್ತೆ ಏರಿಸಿದರು. "ಬ್ಲಾಕುಗಳಲ್ಲಿ ಅಂಗಾಂಶ ಉಳಿದಿದ್ಯಾ?"

"ಎಲ್ಲದರಲ್ಲೂ ಇದೆ. ನಾನು ಪೂರ್ತಿ ಯಾವತ್ತೂ ಮುಗಿಸಲ್ಲ."

"ಹಾಗಾದ್ರೆ ಮೂವತ್ತನಾಲ್ಕನ್ನೂ ಮತ್ತೆ ಕೊಯ್ಯಿರಿ. ಹಾ ಅನ್ನೋದರ ಬದಲು ಎಲ್ಲವೂ ಐಸ್ ನೀರಲ್ಲಿ ಹತ್ತು ನಿಮಿಷ, ಎಳೇದು ಮುದೀದು ಅಂತ ಭೇದ ಬೇಡ. ಉಸಿರು ಸೋಕಬಾರದು. ವಯಸ್ಸಿನ ಚೀಟಿ ನಾನು ಮುಚ್ಚಿ ಬೇರೆ ನಂಬರು ಅಂಟಿಸ್ತೀನಿ. ಕೊಯ್ಯೋರಿಗೂ ಗೊತ್ತಾಗಬಾರದು, ಅಳೆಯೋರಿಗೂ ಗೊತ್ತಾಗಬಾರದು."

"ಚೀಟಿ ಮುಚ್ಚಿದ್ರೂ ನಂಗೆ ಗೊತ್ತಾಗ್ತದೆ ಮೇಡಂ," ಎಂದಳು ಪದರಕ್ಕ. "ಬ್ಲೇಡಿನ ಸದ್ದೇ ಹೇಳ್ತದೆ. ಎಳೆ ಕಣ್ಣು ಸರ್ರನೆ ಇಳೀತದೆ. ಮುದಿ ಕಣ್ಣು ಕರ್ ಅಂತದೆ."

ಮೇಡಂ ಅವಳನ್ನೇ ದಿಟ್ಟಿಸಿದರು. "ಹೌದಾ? ಹಾಗಾದ್ರೆ ಪ್ರತಿಯೊಂದಕ್ಕೂ ನಿಮ್ಮ ಅಂದಾಜು ಒಂದು ಹಾಳೇಲಿ ಬರೆದು, ಲಕೋಟೆ ಅಂಟಿಸಿ ನನಗೆ ಕೊಡಿ. ಅಳತೆಗಾರ್ತಿಗೆ ತೋರಿಸಬೇಡಿ."

ಎರಡು ದಿನ ಪದರಕ್ಕ ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡು ಕೂತಳು. ಮೂವತ್ತೈದು ವರ್ಷದ ಅಭ್ಯಾಸ ಮಾಸ್ಕಿಗೆಲ್ಲ ಕೇಳುತ್ತದೆಯೇ? ಗಟ್ಟಿ ಬ್ಲಾಕು ಬಂದಾಗಲೆಲ್ಲ ಸೊಂಟ ತಾನಾಗಿ ಬಗ್ಗುತ್ತಿತ್ತು, ಮಾಸ್ಕಿನೊಳಗೆ ಹಾ ಎಂದು ಅವಳ ಕನ್ನಡಕವೇ ಮಂಜಾಗುತ್ತಿತ್ತು. ಒರೆಸಿಕೊಂಡು, ತನ್ನನ್ನೇ ಬೈದುಕೊಂಡು, ಆ ಬ್ಲಾಕನ್ನು ಮತ್ತೆ ಐಸಿನ ತಟ್ಟೆಗಿಟ್ಟು, ಹತ್ತು ನಿಮಿಷ ಕಾಯುತ್ತಿದ್ದಳು. ಕೊನೆಗೆ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿ, ತೋಳು ಚಾಚಿ ಚಕ್ರ ತಿರುಗಿಸುವುದನ್ನು ಹೊಸದಾಗಿ ಕಲಿತಳು. ಐವತ್ತೊಂಬತ್ತರಲ್ಲಿ ಮತ್ತೆ ಹೊಸಬಳಾಗಿ ರಿಬ್ಬನ್ನು ಹರಿದುಕೊಂಡಳು, ಪದರ ನೀರಿಗೆ ಬಿದ್ದು ಮುದುಡಿತು, ಮತ್ತೆ ಕೊಯ್ದಳು. ಈ ಸಲ ಮೊದಲನೇ ಪದರವನ್ನು ಎಸೆದಳು, ಎಲ್ಲ ಮೂವತ್ತನಾಲ್ಕರದ್ದೂ. ಎಸೆಯುವಾಗ ಪ್ರತಿ ಸಲ ಮನಸ್ಸಿನಲ್ಲೇ ಒಂದು ಕ್ಷಮೆ ಕೇಳಿದಳು, ಯಾರಿಗೆ ಎಂದು ಗೊತ್ತಿಲ್ಲದೆ.

ಕೊಯ್ಯುತ್ತಾ ಹೋದಂತೆ ಒಂದು ಸಣ್ಣ ಧೈರ್ಯ ಹುಟ್ಟಿತು. ಐಸಿನಲ್ಲಿಟ್ಟ ಮೇಲೂ ಕೆಲವು ಸರ್ರನೆ ಇಳಿದವು, ಕೆಲವು ಕರ್ ಎಂದವು. ಉಸಿರಿಲ್ಲದೆಯೂ ಸದ್ದು ಬೇರೆ ಬೇರೆ. ಗೋಡೆ ಗಟ್ಟಿಯಾಗಿರುವುದು ನಿಜವಿದ್ದರೆ ಗಟ್ಟಿಯಾಗಲು ಒಳಗೆ ಏನೋ ಆಗಿರಲೇಬೇಕಲ್ಲ? ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹಾಳೆಯಲ್ಲಿ ನಂಬರಿನ ಮುಂದೆ "ಎ" ಅಥವಾ "ಮು" ಎಂದು ಬರೆದು, ಲಕೋಟೆ ಅಂಟಿಸಿ ಕೊಟ್ಟಳು.

ಆಮೇಲಿನ ಆರು ದಿನ ಅಳತೆಮ್ಮ ಸೂಕ್ಷ್ಮದರ್ಶಕದ ಕೋಣೆಯಿಂದ ಹೊರಬರಲಿಲ್ಲ. ಪದರಕ್ಕನಿಗೆ ಆ ಕಡೆ ಕೆಲಸವೇ ಇರಲಿಲ್ಲ, ಆದರೂ ದಿನಕ್ಕೆ ನಾಲ್ಕು ಸಲ ಅದೇ ಬಾಗಿಲ ಮುಂದೆ ಹಾದು ಹೋಗುವ ಕೆಲಸ ಬೀಳುತ್ತಿತ್ತು. ಖಾಲಿ ಡಬ್ಬ ಕೊಡುವುದು, ಕೊಟ್ಟ ಡಬ್ಬ ವಾಪಸು ತರುವುದು.

"ನಂಗೂ ಗೊತ್ತಿಲ್ಲ ಅಕ್ಕ," ಎನ್ನುತ್ತಿದ್ದಳು ಅಳತೆಮ್ಮ, ತಲೆ ಎತ್ತದೆ. "ಬರೀ ನಂಬರು. ಯಾರ ವಯಸ್ಸು ಎಷ್ಟು ಅಂತ ಮೇಡಂ ಹತ್ರ ಇದೆ."

"ನಾನೇನು ಕೇಳಿದ್ನಾ? ಡಬ್ಬ ತಗೊಂಡು ಹೋಗೋಕೆ ಬಂದೆ."

"ಡಬ್ಬ ನಿಮ್ಮ ಕೈಲೇ ಇದೆ."

ಏಳನೇ ದಿನ ಮಧ್ಯಾಹ್ನ ಮೂವರೂ ಮೇಡಂ ಕೋಣೆಯಲ್ಲಿ ಸೇರಿದರು. ಅಳತೆಮ್ಮ ತನ್ನ ಅಳತೆಯ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದಳು. ಮೇಡಂ ವಯಸ್ಸಿನ ಪಟ್ಟಿಯನ್ನು ಅದರ ಪಕ್ಕಕ್ಕೆ ಜೋಡಿಸಿದರು. ಪದರಕ್ಕ ಪರದೆಯನ್ನು ನೋಡಲಿಲ್ಲ. ಅಂಕಿ ಅವಳಿಗೆ ಅಷ್ಟು ಬೇಗ ಅರ್ಥವಾಗುವುದೂ ಇಲ್ಲ. ಅವಳು ಮೇಡಂ ಹುಬ್ಬನ್ನೇ ನೋಡುತ್ತಾ ನಿಂತಳು. ಹುಬ್ಬು ಮೊದಲು ಗಂಟಿಕ್ಕಿತು. ಆಮೇಲೆ ಒಂದು ಮೇಲೇರಿತು.

"ಇದೆ," ಎಂದರು ಮೇಡಂ.

"ಏನಿದೆ ಮೇಡಂ?" ಎಂದಳು ಪದರಕ್ಕ.

"ವ್ಯತ್ಯಾಸ ಇದೆ. ವಯಸ್ಸಾದವರ ಕಟ್ಟು ದಪ್ಪಗೇ ಇದೆ. ಮೂರನೇ ಒಂದರಷ್ಟು ಅಲ್ಲ, ಐದನೇ ಒಂದರಷ್ಟು. ಅಲೆ ಚಪ್ಪಟೆ ಆಗಿರೋದೂ ಹಾಗೇ ಇದೆ. ಬಣ್ಣದ ವ್ಯತ್ಯಾಸ ಮಾತ್ರ ಪೂರ್ತಿ ಮಾಯ. ಅದು ನಿಮ್ಮ ಉಸಿರು."

ಪದರಕ್ಕ ಹತ್ತಿರದ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಅದು ಮೇಡಂ ಕುರ್ಚಿ ಎಂದು ಗೊತ್ತಾಗಿ ಏಳಲು ಹೊರಟಳು. "ಕೂತ್ಕೊಳಿ, ಕೂತ್ಕೊಳಿ," ಎಂದು ಮೇಡಂ ಅವಳ ಭುಜ ಒತ್ತಿದರು.

ಅಳತೆಮ್ಮ ಪರದೆಯನ್ನು ಎರಡು ಸಲ, ಮೂರು ಸಲ ಓದಿದಳು. "ಬಣ್ಣದ ಅಧ್ಯಾಯ ಹೋಯ್ತು," ಎಂದಳು. "ಹನ್ನೊಂದು ಪುಟ." ಅವಳ ಮುಖದಲ್ಲಿ ಮಾತ್ರ ಹನ್ನೊಂದು ಪುಟ ಹೋದ ಲಕ್ಷಣವಿರಲಿಲ್ಲ, ಪರೀಕ್ಷೆ ಮುಗಿಸಿ ಹೊರಬಂದ ಮಗುವಿನ ಹಾಗಿತ್ತು. "ಉಳಿದದ್ದು ನಿಲ್ತದೆ ಅಕ್ಕ. ಯಾರು ಬಂದು ಅಲ್ಲಾಡಿಸಿದ್ರೂ ನಿಲ್ತದೆ. ಮೊದಲಿನದಕ್ಕೆ ಆ ಮಾತು ಹೇಳೋಕಾಗ್ತಿರಲಿಲ್ಲ."

ಮೇಡಂ ಆಗ ಲಕೋಟೆ ಹರಿದರು. ಪೆನ್ಸಿಲು ಹಿಡಿದು ಒಂದೊಂದೇ ಗುರುತು ಹಾಕುತ್ತಾ ಹೋದರು.

"ಮೂವತ್ತನಾಲ್ಕಕ್ಕೆ ಮೂವತ್ತೊಂದು ಸರಿ. ಬರೀ ಸದ್ದು ಕೇಳಿ."

"ಮೂರು ತಪ್ಪಿದ್ದು ಯಾವುದು?" ಪದರಕ್ಕನಿಗೆ ಸರಿಯಾದದ್ದಕ್ಕಿಂತ ಅದೇ ಬೇಕಿತ್ತು.

"ಮೂವತ್ತೆಂಟರ ಇಬ್ಬರನ್ನ ಮುದುಕರು ಮಾಡಿದೀರಿ. ಎಂಬತ್ತೊಂದರ ಒಬ್ಬರನ್ನ ಎಳೇದು ಅಂದಿದೀರಿ."

ಅಳತೆಮ್ಮ ಪಟ್ಟಿಯಲ್ಲಿ ಹುಡುಕಿದಳು. "ಆ ಎಂಬತ್ತೊಂದು ನನ್ನ ಅಳತೇಲೂ ಎಳೇದರ ಹಾಗೇ ಬಂದಿದೆ. ಕಟ್ಟು ತೆಳ್ಳಗೆ, ಅಲೆ ಚೆನ್ನಾಗಿದೆ. ಒಬ್ಬ ಅಜ್ಜಿ."

"ನೋಡಿದ್ರಾ, ನನ್ನ ತಪ್ಪಲ್ಲ ಅದು," ಎಂದಳು ಪದರಕ್ಕ. "ಆ ಅಜ್ಜಿಗೆ ವಯಸ್ಸಾಗಿದೆ ಅಂತ ಅವರ ಕಣ್ಣಿಗೆ ಯಾರೂ ಹೇಳಿರಲಿಲ್ಲ."

ಮೇಡಂ ನಕ್ಕರು. ಅವರು ನಕ್ಕದ್ದನ್ನು ಆ ಮಹಡಿಯಲ್ಲಿ ಕೇಳಿದವರು ಕಡಿಮೆ. ಗುಮಾಸ್ತ ಬಾಗಿಲು ತೆರೆದು ಇಣುಕಿ, ಏನೂ ಆಗಿಲ್ಲವೆಂದು ನೋಡಿ ಮುಚ್ಚಿಕೊಂಡು ಹೋದ.

ಪ್ರಬಂಧದಲ್ಲಿ ಉಸಿರಿನ ವಿಷಯವನ್ನು ಮುಚ್ಚಿಡದೆ ಎರಡು ಪುಟ ಬರೆಯುವುದೆಂದು ತೀರ್ಮಾನವಾಯಿತು. ಯಾವ ಲ್ಯಾಬಿನಲ್ಲಿ ಯಾರ್ಯಾರು ಹಾ ಎನ್ನುತ್ತಿದ್ದಾರೋ, ಓದಿದವರಾದರೂ ಎಚ್ಚರವಾಗಲಿ ಎಂದರು ಮೇಡಂ. ಪದರಕ್ಕನ ಹೆಸರು ಹಾಕಬೇಕೇ ಬೇಡವೇ ಎಂದು ಅಳತೆಮ್ಮ ಹಿಂದೆಮುಂದೆ ನೋಡಿದಳು.

"ಹಾಕು," ಎಂದಳು ಪದರಕ್ಕ. "ಕೊಯ್ದದ್ದಕ್ಕೂ ಹಾಕು, ಹಾ ಅಂದದ್ದಕ್ಕೂ ಹಾಕು."

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಒಂಬತ್ತು ಹತ್ತು ದಿನದಿಂದ ಸರಿಯಾಗಿ ಮುಚ್ಚದಿದ್ದ ಕಣ್ಣು ಎರಡನೇ ಸ್ಟಾಪು ಬರುವಷ್ಟರಲ್ಲಿ ಮುಚ್ಚಿಹೋಯಿತು. ಕಂಡಕ್ಟರು ಭುಜ ತಟ್ಟಿ "ಅಮ್ಮಾ, ಇಲ್ಲಿಂದ ಮುಂದೆ ಬಸ್ ಹೋಗಲ್ಲ," ಎಂದಾಗ ಅವಳು ಇಳಿಯಬೇಕಾದ ಜಾಗ ದಾಟಿ ಮೂರು ಸ್ಟಾಪಾಗಿತ್ತು. ಇಳಿದು ನಿಲ್ಲುವಷ್ಟರಲ್ಲಿ ಫೋನು ಬಂತು.

"ಎಲ್ಲಿದೀಯೇ?"

"ಬಸ್ಸಿನ ಕೊನೇ ಸ್ಟಾಪಲ್ಲಿ. ನಿದ್ದೆ ಹೊಡೆದುಬಿಟ್ಟೆ."

ನಿದ್ದೆ ಬಂತೆಂದ ಮೇಲೆ ಉಳಿದದ್ದನ್ನು ಅವನು ಅರ್ಧ ಊಹಿಸಿದ್ದ. "ಹಾಗಾದ್ರೆ ಸೋರಿಲ್ಲ?"

"ಒಂಚೂರು ಸೋರಿದೆ. ಹನ್ನೊಂದು ಪುಟದಷ್ಟು. ಗೋಡೆ ಗಟ್ಟಿ ಇದೆ ರೀ."

"ಅಲ್ಲೇ ಇರು, ಸ್ಕೂಟರ್ ತರ್ತೀನಿ."

"ಬೇಡ, ನಡ್ಕೊಂಡೇ ಬರ್ತೀನಿ," ಎಂದು ಪದರಕ್ಕ ಫೋನು ಚೀಲದಲ್ಲಿ ಹಾಕಿಕೊಂಡಳು. ಅಂಗಡಿಗಳು ಆಗಷ್ಟೇ ದೀಪ ಹಚ್ಚುತ್ತಿದ್ದವು. ಎದುರಿನಿಂದ ಬರುವವರ ಕಣ್ಣುಗಳನ್ನು, ಎಳೆಯರದ್ದು, ಮುದುಕರದ್ದು, ಒಂದೊಂದಾಗಿ ನೋಡುತ್ತಾ, ಬ್ಲೇಡಿನ ಸದ್ದು ಕೇಳದೆ ಯಾರ ವಯಸ್ಸನ್ನೂ ಹೇಳುವ ಹಾಗಿಲ್ಲ ಎಂದುಕೊಳ್ಳುತ್ತಾ, ಅವಳು ಆರಾಮವಾಗಿ ಮನೆಯ ಕಡೆ ನಡೆದಳು.